ಮೋಟಾರಿನ ಹೋಸುಗಳೂ ಅವುಗಳ ಕ್ಲಿಪ್ಪುಗಳೂ

ಹಳೆಯ ಕಾರುಗಳಲ್ಲಿ ನೀರಿನ ಹೋಸಿಗೂ ಪೆಟ್ರೋಲಿನ ಹೋಸಿಗೂ ಒಂದೇ ಬಗೆಯ ತಿರುಪಿನ ಕ್ಲಿಪ್ಪನ್ನು ಬಿಗಿದಿರುವುದನ್ನು ನಾವು ಅನೇಕ ವೇಳೆ ಕಾಣುತ್ತೇವೆ. ಇದು ಯುಕ್ತವೇ?

ರೇಡಿಯೇಟರಿನ ಹೋಸಿನ ಒಳವ್ಯಾಸ 38 ಮಿಲಿಮೀಟರು, ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 11 ಚದರ ಸೆಂಟಿಮೀಟರು. ಹೋಸನ್ನು ಕಳಚಲೆಳಸುವ ಬಲವು ಐದೂವರೆ ಕಿಲೋಗ್ರಾಂ ತೂಕಕ್ಕೆ ಸಮ. ಇದನ್ನು ತಡೆಯಲು, 1921ರಲ್ಲಿ ಇಂಗ್ಲೆಂಡಿನ ಲಮ್ಲಿ ರಾಬಿನ್ಸನ್ ಎಂಬಾತನು ಪೇಟೆಂಟು ಪಡೆದ ತಿರುಪಿನ ಕ್ಲಿಪ್ಪೇ ಸಾಕು. ತೊಡಕಿರುವುದು ರಬ್ಬರಿನಲ್ಲಿ. ಬಿಸಿಯಲ್ಲಿ ಅದುಮಿಸಿಕೊಂಡ ರಬ್ಬರು ಕ್ರಮೇಣ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಳ್ಳುವುದು. ತಣಿದಾಗ ಲೋಹಕ್ಕಿಂತ ಹೆಚ್ಚು ಕುಗ್ಗುವುದು. ಆದುದರಿಂದಲೇ ಕೆಲವು ಕಾರುಗಳು ಮುಂಜಾನೆಯ ಚಳಿಯಲ್ಲಿ ತೊಟ್ಟಿಕ್ಕಿ, ಎಂಜಿನ್ನು ಕಾದೊಡನೆ ಸುಮ್ಮನಾಗುವುವು! ರಬ್ಬರು ಕುಗ್ಗಿದಂತೆ ತಾನೂ ಕುಗ್ಗುವ ಸ್ಪ್ರಿಂಗ್ ಕ್ಲಿಪ್ಪು ಇಲ್ಲಿ ಮೇಲೆಂದು ನಮ್ಮ ಅಭಿಪ್ರಾಯ.

ಪೆಟ್ರೋಲಿನ ಮಾತೇ ಬೇರೆ. ಕಾರ್ಬುರೇಟರಿಗೆ ಹೋಗುವ 8 ಮಿಲಿಮೀಟರಿನ ಹೋಸಿನಲ್ಲಿ ಕಳಚುವ ಬಲ ಇನ್ನೂರು ಗ್ರಾಂ ತೂಕದಷ್ಟೂ ಇರದು. ಇಲ್ಲಿ ಬೇಕಾದುದು ಬಿಗಿಗಿಂತ ದುಂಡುತನ. ತಿರುಪನ್ನು ಹಿಡಿದ ಗೂಡು ನೇರವಾದುದು. ದೊಡ್ಡ ವೃತ್ತದಲ್ಲಿ ಅದು ಲೆಕ್ಕಕ್ಕಿಲ್ಲ. ಚಿಕ್ಕ ವೃತ್ತದಲ್ಲಾದರೋ ಪರಿಧಿಯ ದೊಡ್ಡ ಪಾಲನ್ನೇ ಆಕ್ರಮಿಸುವುದು. ಅದರ ಬಳಿ ಅದುಮು ಸಡಿಲವಾಗಿ ಪೆಟ್ರೋಲು ಜಿನುಗುವುದು. ಇನ್ನಷ್ಟು ತಿರುಗಿಸಿದರೆ ಪಟ್ಟಿಯ ಸೀಳುಗಳು ರಬ್ಬರನ್ನೇ ಕೊಯ್ಯುವುವು. ಸಮೀಪದಲ್ಲಿ ಕಾದ ಹೊಗೆಕೊಳವೆಯಿದ್ದರೆ ಒಂದು ಹನಿಯೂ ಬೆಂಕಿಗೆ ಕಾರಣವಾದೀತು. ಸೀಳಿಲ್ಲದ, ಅಂಚು ಹೊರಳಿಸಿದ, ಪುಟ್ಟ ನಟ್ಟು-ಬೋಲ್ಟಿನ ಕ್ಲಿಪ್ಪನ್ನೇ ಅಂಗಡಿಯಲ್ಲಿ ಅಳತೆ ಹೇಳಿ ಕೇಳತಕ್ಕದ್ದು. ಹೋಸೇ ಬಿರಿದಿದ್ದರೆ ಮೊದಲು ಅದನ್ನು ಬದಲಿಸಬೇಕು.