ಫಾರ್ಮ್ಯಾಟ್ ಹೊಡೆಯುವ ಮೊದಲು

"ಲ್ಯಾಪ್‌ಟಾಪ್ ಆನ್ ಮಾಡಿದರೆ ಕಂಪನಿಯ ಲೋಗೋ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಆಮೇಲೆ ಬರೀ ಕಪ್ಪು. ಅಂಗಡಿಯವರು ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು ಅಂತಾರೆ. ಮಗಳ ಮದುವೆ ಫೋಟೋ ಎಲ್ಲ ಅದರಲ್ಲೇ ಇವೆ. ಏನು ಮಾಡಲಿ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಮೊದಲು ಅಂಗಡಿಗೆ ಹೋಗಿ ಲ್ಯಾಪ್‌ಟಾಪ್ ವಾಪಸು ತನ್ನಿ. ವಿಂಡೋಸ್ ಹೋಗಿರಬಹುದು. ಫೋಟೋಗಳು ಹೋಗಿವೆಯೋ ಇಲ್ಲವೋ ಇನ್ನೂ ಯಾರೂ ನೋಡಿಲ್ಲ. ನೋಡುವುದಕ್ಕೆ ಹಳೆಯ ಉಪಾಯವೊಂದಿದೆ, ಅದೇ ರೆಸ್ಕ್ಯೂ ಡಿಸ್ಕ್. ಕಂಪ್ಯೂಟರನ್ನು ಅದರ ಸ್ವಂತ ಡಿಸ್ಕಿನಿಂದ ಏಳಿಸದೆ, ಹೊರಗಿನಿಂದ ತಂದ ಸಿ.ಡಿ.ಯಿಂದಲೋ ಪೆನ್ ಡ್ರೈವ್‌ನಿಂದಲೋ ಬೂಟ್ ಮಾಡಿ ಒಳಗೇನಾಗಿದೆ ಎಂದು ಪರೀಕ್ಷಿಸುವ ವಿಧಾನ ಇದು.

ಹಳೆಯದು ಎಂದು ಮೂಗು ಮುರಿಯುವವರಿಗೆ 2024ರ ಜುಲೈ 19 ನೆನಪಿರಬೇಕು. ಅವತ್ತು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ಯಂತ್ರಗಳಿಗೆ ಪುಟ್ಟದೊಂದು ಫೈಲ್ ಕಳಿಸಿತು. 10.57ಕ್ಕೆ ತಪ್ಪು ಗೊತ್ತಾಗಿ ವಾಪಸು ಪಡೆಯಿತು. ಅಷ್ಟರೊಳಗೆ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತಿದ್ದವು. ಬೆಂಗಳೂರಿನ ವಿಮಾನ ನಿಲ್ದಾಣವೂ ಸೇರಿದಂತೆ ದೇಶದ ಹಲವೆಡೆ ವಿಮಾನಯಾನ ಕಂಪನಿಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು; ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾರಣ ಕೇಳಿದರೆ ನಗು ಬರುತ್ತದೆ. 21 ಮಾಹಿತಿಗಳನ್ನು ನಿರೀಕ್ಷಿಸುವ ವ್ಯವಸ್ಥೆಗೆ ಸಿಕ್ಕಿದ್ದು 20. ಇಲ್ಲದ 21ನೆಯದನ್ನು ಹುಡುಕುತ್ತ ಸಾಫ್ಟ್‌ವೇರ್ ತನ್ನದಲ್ಲದ ಮೆಮೊರಿಗೆ ಕೈಹಾಕಿತು, ಇಡೀ ವಿಂಡೋಸ್ ಕುಸಿಯಿತು.

ಸರಿಪಡಿಸಿದ ಫೈಲ್ ಇಂಟರ್ನೆಟ್ಟಿನಲ್ಲಿ ಸಿದ್ಧವಿತ್ತು. ಆದರೆ ಯಂತ್ರ ಇಂಟರ್ನೆಟ್ ಮುಟ್ಟುವ ಮೊದಲೇ ಕುಸಿಯುತ್ತಿದ್ದರೆ ಅದನ್ನು ಇಳಿಸಿಕೊಳ್ಳುವುದು ಹೇಗೆ? ಕೊನೆಗೆ ಜಗತ್ತಿನಾದ್ಯಂತ ತಂತ್ರಜ್ಞರು ಮೇಜಿಂದ ಮೇಜಿಗೆ ನಡೆದು, ಒಂದೊಂದೇ ಯಂತ್ರವನ್ನು ಬೇರೆ ದಾರಿಯಿಂದ ಬೂಟ್ ಮಾಡಿ, 'ಸಿ-00000291' ಎಂದು ಶುರುವಾಗುವ ಫೈಲನ್ನು ಕೈಯಾರೆ ಅಳಿಸಿದರು. ಮೈಕ್ರೋಸಾಫ್ಟ್ ಇದಕ್ಕೆಂದೇ ಬೂಟ್ ಆಗುವ ಪೆನ್ ಡ್ರೈವ್ ತಯಾರಿಸುವ ಸಾಧನವನ್ನು ಬಿಡುಗಡೆ ಮಾಡಿತು. ಕ್ಲೌಡ್, ಕೃತಕ ಬುದ್ಧಿಮತ್ತೆ ಎಂದು ದಿನಬೆಳಗಾದರೆ ಭಾಷಣ ಕೇಳುತ್ತೇವಲ್ಲ, ಆ ಕಾಲದ ಅತಿ ದೊಡ್ಡ ಕಂಪ್ಯೂಟರ್ ಅವಘಡಕ್ಕೆ ಮದ್ದು ಸಿಕ್ಕಿದ್ದು ಜೇಬಿನಲ್ಲಿ ಹಿಡಿಸುವ ಪೆನ್ ಡ್ರೈವ್‌ನಲ್ಲಿ.

ಹೊರಗಿನಿಂದ ಬೂಟ್ ಮಾಡುವ ಈ ಉಪಾಯ ಯಾಕೆ ಕೆಲಸ ಮಾಡುತ್ತದೆ? ಊರಿನ ಹಾಲಿನ ಸೊಸೈಟಿಯನ್ನೇ ತೆಗೆದುಕೊಳ್ಳಿ. ಲೆಕ್ಕ ಬರೆಯುವವನು ಕಾರ್ಯದರ್ಶಿ. ಬೀರುವಿನ ಕೀಲಿ ಅವನ ಉಡಿದಾರದಲ್ಲಿ. ಸದಸ್ಯರು ಏನೇ ಕೇಳಲಿ, ಪುಸ್ತಕ ಅವರ ಕೈಗೆ ಬರುವುದಿಲ್ಲ. ಅವನೇ ಒಳಗೆ ಹೋಗಿ ಪುಟ ನೋಡಿಕೊಂಡು ಬಂದು ಅಂಕಿ ಹೇಳುತ್ತಾನೆ. ಆಪರೇಟಿಂಗ್ ಸಿಸ್ಟಂ ಅಂದರೆ ಆ ಕಾರ್ಯದರ್ಶಿ. ಫೋಲ್ಡರ್ ತೆರೆದು ಫೈಲುಗಳ ಪಟ್ಟಿ ನೋಡುವಾಗ ನೀವು ಡಿಸ್ಕನ್ನು ನೋಡುತ್ತಿಲ್ಲ, ಡಿಸ್ಕಿನಲ್ಲಿ ಏನಿದೆಯೆಂದು ವಿಂಡೋಸ್ ಹೇಳಿದ್ದನ್ನು ನಂಬುತ್ತಿದ್ದೀರಿ. ಕಾರ್ಯದರ್ಶಿ ಹಾಸಿಗೆ ಹಿಡಿದರೆ ಪುಸ್ತಕಕ್ಕೆ ಏನೂ ಆಗಿರುವುದಿಲ್ಲ, ಆದರೂ ಒಂದಂಕಿಯೂ ಹೊರಗೆ ಬರದು. ಆಗ ಬೀರುವಿಗೆ ಬೆಂಕಿಯಿಟ್ಟು ಹೊಸ ಕಾರ್ಯದರ್ಶಿಯನ್ನು ನೇಮಿಸುವುದಕ್ಕೆ ನಮ್ಮ ಅಂಗಡಿಗಳಲ್ಲಿ ಫಾರ್ಮ್ಯಾಟ್ ಎನ್ನುತ್ತಾರೆ. ಕಾರ್ಯದರ್ಶಿ ಕಾಯಿಲೆ ಬೀಳದೆ ಕಳ್ಳನೇ ಆಗಿಬಿಟ್ಟರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಲೆಕ್ಕ ಸರಿಯಿದೆಯಾ ಎಂದು ಅವನನ್ನೇ ಕೇಳಿದರೆ ಸರಿಯಿದೆ ಎಂದೇ ಹೇಳುತ್ತಾನೆ. ಎರಡಕ್ಕೂ ಪರಿಹಾರ ಒಂದೇ, ತಾಲ್ಲೂಕಿನಿಂದ ಬರುವ ಆಡಿಟರ್. ಆತ ಕಾರ್ಯದರ್ಶಿಯನ್ನು ಜಗಲಿಯಲ್ಲಿ ಕೂರಿಸಿ, ತಾನೇ ಬೀರು ತೆಗೆದು, ತಾನು ತಂದ ಹಾಳೆಯಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಸೊಸೈಟಿಯ ಪುಸ್ತಕದಲ್ಲಿ ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಕಳ್ಳ ಕಾರ್ಯದರ್ಶಿ ಬರೀ ಕಲ್ಪನೆಯಲ್ಲ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಅಲ್ವಿ ಎಂಬ ಸಹೋದರರು ಬರೆದ 'ಬ್ರೇನ್', ಐಬಿಎಂ ಪಿ.ಸಿ.ಗಳಿಗೆ ಹಬ್ಬಿದ ಮೊದಲ ವೈರಸ್. ತಾವು ಬರೆದ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯಲು ಹಾಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ಬ್ರೇನ್ ಕೂರುತ್ತಿದ್ದದ್ದು ಫ್ಲಾಪಿಯ ಮೊಟ್ಟಮೊದಲ ಸೆಕ್ಟರಿನಲ್ಲಿ. ಆ ಕಾಲದ ಪಿ.ಸಿ.ಗೆ ಕರೆಂಟು ಕೊಟ್ಟ ಕೂಡಲೇ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯೋಸ್, ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಅದರಲ್ಲಿ ಏನಿದೆಯೋ ಅದಕ್ಕೆ ಇಡೀ ಯಂತ್ರದ ಆಡಳಿತವನ್ನು ಒಪ್ಪಿಸಿಬಿಡುತ್ತಿತ್ತು. ಯಾರು, ಎತ್ತ ಎಂದು ವಿಚಾರಿಸುತ್ತಿರಲಿಲ್ಲ. ಬ್ರೇನ್ ಅಲ್ಲಿದ್ದ ಅಸಲಿ ಸೆಕ್ಟರನ್ನು ಫ್ಲಾಪಿಯ ಬೇರೊಂದು ಮೂಲೆಗೆ ಸಾಗಿಸಿ, ಆ ಜಾಗ ಕೆಟ್ಟಿದೆ ಎಂದು ಗುರುತು ಹಾಕುತ್ತಿತ್ತು. ಯಾರಾದರೂ ಮೊದಲ ಸೆಕ್ಟರನ್ನು ಓದಲು ಹೋದರೆ ತನ್ನನ್ನು ಮರೆಮಾಚಿ, ಬಚ್ಚಿಟ್ಟ ಅಸಲಿಯನ್ನು ತಂದು ತೋರಿಸುತ್ತಿತ್ತು! ಸೋಂಕು ತಗಲಿದ ಯಂತ್ರದಲ್ಲೇ ಕೂತು ಎಷ್ಟು ಹುಡುಕಿದರೂ ಎಲ್ಲ ಸಾಚಾ.

ಇದಕ್ಕೆ ಆಗ ಕಂಡುಕೊಂಡ ಔಷಧವೇ ಇವತ್ತಿನ ರೆಸ್ಕ್ಯೂ ಡಿಸ್ಕಿನ ಅಜ್ಜ. ಶುದ್ಧವೆಂದು ಖಾತ್ರಿಯಿರುವ ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಂ) ಫ್ಲಾಪಿಯೊಂದರ ಅಂಚಿನ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಿಡಬೇಕು. ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಆ ಕಚ್ಚು ಮುಚ್ಚಿದರೆ ಡ್ರೈವ್ ಅದರ ಮೇಲೆ ಬರೆಯಲು ಒಪ್ಪುವುದಿಲ್ಲ. ಯಂತ್ರದ ಸ್ವಿಚ್ಚು ಪೂರ್ತಿ ಆರಿಸಿ, ಆ ಫ್ಲಾಪಿಯಿಂದ ಎಬ್ಬಿಸಿದರೆ ವೈರಸ್ಸಿಗೆ ಎಚ್ಚರವೇ ಆಗದು. ನಿದ್ದೆಯಲ್ಲಿರುವ ವೈರಸ್ ಬರೀ ಒಂದಿಷ್ಟು ಬೈಟುಗಳು. ಅದು ಸುಳ್ಳು ಹೇಳಲಾರದು.

ಈ ಉಪಾಯದ ನನ್ನ ಮೆಚ್ಚಿನ ರೂಪ 2005ರದ್ದು. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಯಿ-ಮಿನ್ ವಾಂಗ್ ಮತ್ತು ಸಂಗಡಿಗರು ಸ್ಟ್ರೈಡರ್ ಘೋಸ್ಟ್‌ಬಸ್ಟರ್ ಎಂಬ ತಂತ್ರವನ್ನು ವಿವರಿಸಿದರು. ವಿಂಡೋಸ್ ಒಳಗಿದ್ದುಕೊಂಡು ಡಿಸ್ಕಿನ ಅಷ್ಟೂ ಫೈಲುಗಳ ಪಟ್ಟಿ ಮಾಡಿ. ಆಮೇಲೆ ಸಿ.ಡಿ.ಯಿಂದ ಬೂಟ್ ಮಾಡಿ ಅದೇ ಡಿಸ್ಕಿನ ಪಟ್ಟಿಯನ್ನು ಮತ್ತೆ ಮಾಡಿ. ಎರಡನ್ನೂ ತಾಳೆ ನೋಡಿ. ಮೊದಲನೆಯದರಲ್ಲಿ ಇಲ್ಲದೆ ಎರಡನೆಯದರಲ್ಲಿ ಮಾತ್ರ ಇರುವ ಹೆಸರುಗಳೇ ಬಚ್ಚಿಟ್ಟುಕೊಂಡವು. ವೈರಸ್ಸಿನ ಹೆಸರು, ಕುಲ, ಗೋತ್ರ ಯಾವುದೂ ಗೊತ್ತಿರಬೇಕಿಲ್ಲ. ವರ್ಷವರ್ಷ ಚಂದಾ ಕಟ್ಟಿಸಿಕೊಳ್ಳುವ ಆಂಟಿವೈರಸ್ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಎರಡು ಪಟ್ಟಿಗಳು ನೆನಪಾಗುತ್ತವೆ.

ಫ್ಲಾಪಿಯಿಂದ ಸಿ.ಡಿ.ಗೆ ದಾಟುವುದು ಸುಲಭವಾಗಿರಲಿಲ್ಲ, ಏಕೆಂದರೆ ಬಯೋಸ್‌ಗೆ ಸಿ.ಡಿ. ಎಂಬ ವಸ್ತುವಿನ ಪರಿಚಯವೇ ಇರಲಿಲ್ಲ. ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು 1995ರಲ್ಲಿ ಇದಕ್ಕೊಂದು ಮಾನದಂಡ ರೂಪಿಸಿದವು. ಹೆಸರು 'ಎಲ್ ಟೊರಿಟೊ', ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದ ಒಂದು ಮೆಕ್ಸಿಕನ್ ಹೋಟೆಲಿನದು. ಸಿ.ಡಿ.ಯೊಳಗೆ ಒಂದು ಫ್ಲಾಪಿಯ ಪಡಿಯಚ್ಚನ್ನು ಇಟ್ಟು, ಬಯೋಸ್‌ಗೆ ಇದು ಫ್ಲಾಪಿಯೇ ಎಂದು ನಂಬಿಸುವುದು ಅದು ಅನುಮತಿಸಿದ ವಿಧಾನಗಳಲ್ಲಿ ಒಂದು. ಒಳ್ಳೆಯ ಕೆಲಸಕ್ಕಾಗಿ ಹೇಳಿದ ಸುಳ್ಳು ಅನ್ನಿ.

ಆಮೇಲೆ ಬಂದವರು ಜರ್ಮನಿಯ ಕ್ಲಾಸ್ ನೊಪ್ಪರ್. ತಮಗೆ ಬೇಕಾದ ಸಲಕರಣೆಗಳನ್ನೆಲ್ಲ ಒಂದು ಸಿ.ಡಿ.ಯಲ್ಲಿ ಹೊತ್ತುಕೊಂಡು ಹೋಗಿ ಯಾವ ಯಂತ್ರದಲ್ಲಾದರೂ ನಡೆಸುವಂತಿರಬೇಕು ಎಂಬುದು ಅವರ ಆಸೆ. 2000ದಲ್ಲಿ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಆಧರಿಸಿದ 'ನೊಪ್ಪಿಕ್ಸ್' ಹೊರಬಂತು. ಸುಮಾರು 2 ಜಿ.ಬಿ.ಯ ಸಾಫ್ಟ್‌ವೇರನ್ನು 700 ಎಂ.ಬಿ. ಸಿ.ಡಿ.ಯಲ್ಲಿ ಹಿಂಡಿ ತುಂಬಿ, ಬೇಕಾದಾಗ ಬೇಕಾದ ತುಣುಕನ್ನಷ್ಟೇ ಬಿಚ್ಚಿ ಓದುವ ಜಾಣ್ಮೆ ಅದರಲ್ಲಿತ್ತು. ಬರೆಯಬೇಕಾದ್ದನ್ನೆಲ್ಲ ರ‍್ಯಾಮ್‌ನಲ್ಲಿ ಬರೆದುಕೊಳ್ಳುತ್ತಿತ್ತು; ಆಡಿಟರ್ ತಂದ ಹಾಳೆ ಎಂದೆನಲ್ಲ, ಅದು ಇದೇ. ಸ್ವಿಚ್ಚು ಆರಿಸಿದರೆ ಹಾಳೆಯೂ ಮಾಯ, ಹಾರ್ಡ್ ಡಿಸ್ಕ್ ಇದ್ದ ಹಾಗೇ. ದೃಷ್ಟಿದೋಷವಿರುವ ಪತ್ನಿ ಆಡ್ರಿಯಾನ್ ಅವರಿಗಾಗಿ ನೊಪ್ಪರ್ ಮುಂದೆ ಅದರೊಳಗೆ ಮಾತಾಡುವ ಡೆಸ್ಕ್‌ಟಾಪ್ ಒಂದನ್ನೂ ಸೇರಿಸಿ, ಅವರ ಹೆಸರನ್ನೇ ಇಟ್ಟರು. ರಿಪೇರಿಗೆಂದೇ ಮೀಸಲಾದ 'ಸಿಸ್ಟಂರೆಸ್ಕ್ಯೂ' ಎಂಬ ಲಿನಕ್ಸ್ ಕೂಡ ಇದೆ. ಎರಡೂ ಉಚಿತ.

ಈಗ ಕಪ್ಪು ಪರದೆಯ ಲ್ಯಾಪ್‌ಟಾಪಿಗೆ ಬನ್ನಿ. ಇವುಗಳಲ್ಲಿ ಒಂದನ್ನು ಹಾಕಿದ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದಾಗ ಲಿನಕ್ಸ್ ಸಲೀಸಾಗಿ ಎದ್ದು ನಿಂತರೆ, ಅರ್ಧ ರೋಗನಿರ್ಣಯ ಅಲ್ಲೇ ಆಯಿತು. ಪರದೆ, ಪ್ರೊಸೆಸರ್, ಮದರ್‌ಬೋರ್ಡ್ ಬಹುಮಟ್ಟಿಗೆ ಸರಿಯಿವೆ. ದೋಷ ಡಿಸ್ಕಿನಲ್ಲಿ ಅಥವಾ ಅದರ ಮೇಲಿರುವ ವಿಂಡೋಸ್‌ನಲ್ಲಿ. ಲಿನಕ್ಸೂ ನಡುವೆ ನಿಂತುಹೋದರೆ ಅನುಮಾನ ರ‍್ಯಾಮ್ ಮೇಲೆ. ಪೆನ್ ಡ್ರೈವ್‌ನ ಮೆನುವಿನಲ್ಲೇ ಇರುವ ಮೆಮ್‌ಟೆಸ್ಟ್ ಅನ್ನು ರಾತ್ರಿ ಪೂರ್ತಿ ಓಡಲು ಬಿಡಿ, ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ರ‍್ಯಾಮ್ ಬದಲಿಸಬೇಕು. ವಿಂಡೋಸ್ ಮರುಸ್ಥಾಪನೆಗೆ ಕೊಡುವ ದುಡ್ಡು ಆಗ ದಂಡ.

ಲಿನಕ್ಸ್ ಎದ್ದರೆ ಡಿಸ್ಕಿನ ಆರೋಗ್ಯ ಕೇಳಿ. ಪ್ರತಿ ಹಾರ್ಡ್ ಡಿಸ್ಕೂ ತನ್ನ ಕಷ್ಟಸುಖವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, 'ಸ್ಮಾರ್ಟ್‌ಸಿಟಿಎಲ್' ಎಂಬ ಆಜ್ಞೆ ಅದನ್ನು ಓದಿ ತೋರಿಸುತ್ತದೆ. ಉದ್ದನೆಯ ಪಟ್ಟಿ ನೋಡಿ ಗಾಬರಿ ಬೇಡ. ತಿರುಗುವ ತಟ್ಟೆಯ ಡಿಸ್ಕಾದರೆ 5 ಮತ್ತು 197 ಎಂಬ ಸಾಲುಗಳ ಕೊನೆಯ ಅಂಕಿ ನೋಡಿ. ಐದನೆಯದು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳ ಎಣಿಕೆ, 197ನೆಯದು ಓದಲಾಗದೆ ತೀರ್ಪಿಗೆ ಕಾದಿರುವವು. ಎರಡೂ ಸೊನ್ನೆಯಾಗಿದ್ದರೆ ನಿರಾಳವಾಗಿ ಫೋಟೋಗಳನ್ನು ಇನ್ನೊಂದು ಡ್ರೈವ್‌ಗೆ ನಕಲಿಸಿಕೊಳ್ಳಿ. ವಿಂಡೋಸ್ ಪೂರ್ತಿ ಮುಚ್ಚದೆ ಮಲಗಿದ್ದರೆ ಲಿನಕ್ಸ್ ಆ ಡಿಸ್ಕಿನಲ್ಲಿ ಬರೆಯಲು ಒಪ್ಪದು. ಒಪ್ಪದಿರುವುದೇ ಒಳ್ಳೆಯದು, ನಮಗೆ ಓದಿದರೆ ಸಾಕು.

197ರ ಎದುರಿನ ಅಂಕಿ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಆಗ ಫೋಲ್ಡರ್ ತೆರೆದು ಒಂದೊಂದೇ ಫೈಲ್ ಎಳೆಯುತ್ತ ಕೂರಬಾರದು. ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ 'ಡಿಡಿರೆಸ್ಕ್ಯೂ' ಇರುವುದೇ ಇಂಥ ಹೊತ್ತಿಗೆ. ಅದು ಮೊದಲು ಸಲೀಸಾಗಿ ಸಿಗುವ ಭಾಗಗಳನ್ನೆಲ್ಲ ಬಾಚಿಕೊಂಡು, ತಕರಾರು ಮಾಡುವ ಜಾಗಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಎಲ್ಲೆಲ್ಲಿ ಬಿಟ್ಟೆನೆಂದು ಒಂದು ನಕ್ಷೆ ಬರೆದಿಟ್ಟು ಆಮೇಲೆ ಅಲ್ಲಿಗಷ್ಟೇ ಮರಳುತ್ತದೆ. ನಕ್ಷೆಯನ್ನು ರ‍್ಯಾಮ್‌ನಲ್ಲಿ ಬಿಡದೆ ಇನ್ನೊಂದು ಡ್ರೈವ್‌ನಲ್ಲಿ ಇಟ್ಟಿದ್ದರೆ, ನಡುವೆ ಕರೆಂಟು ಹೋದರೂ ಅದು ಉಳಿದಿರುತ್ತದೆ, ಮತ್ತೆ ಅಲ್ಲಿಂದಲೇ ಶುರು.

ಅಂಗಡಿಯಲ್ಲಿ ಆಗಲೇ ಫಾರ್ಮ್ಯಾಟ್ ಹೊಡೆದಾಗಿದ್ದರೂ, ಹಳೆಯ ಬಗೆಯ ಡಿಸ್ಕಿನಲ್ಲಿ ಆಸೆ ಬಿಡಬೇಕಿಲ್ಲ. ಮಾಮೂಲಿ ಕ್ವಿಕ್ ಫಾರ್ಮ್ಯಾಟಿನಲ್ಲಿ ಅಳಿಯುವುದು ಪರಿವಿಡಿ ಮಾತ್ರ, ಪುಟಗಳು ಅಲ್ಲೇ ಇರುತ್ತವೆ. ಕ್ರಿಸ್ಟೋಫ್ ಗ್ರೆನಿಯೆ ಅವರ 'ಫೋಟೊರೆಕ್' ಪರಿವಿಡಿಯ ಗೊಡವೆಗೇ ಹೋಗದೆ ಇಡೀ ಡಿಸ್ಕನ್ನು ಸೋಸುತ್ತದೆ. ಪ್ರತಿ ಜೆಪೆಗ್ ಚಿತ್ರವೂ 'ಎಫ್‌ಎಫ್ ಡಿ8 ಎಫ್‌ಎಫ್' ಎಂಬ ಮೂರು ಬೈಟುಗಳಿಂದಲೇ ಶುರುವಾಗುತ್ತದೆ. ಅವು ಕಂಡಲ್ಲೆಲ್ಲ ಫೋಟೊರೆಕ್ ಒಂದು ಚಿತ್ರವನ್ನು ಎತ್ತಿಕೊಳ್ಳುತ್ತದೆ. ಫೈಲಿನ ಹೆಸರು ಮಾತ್ರ ಮರಳಿ ಬಾರದು. 'ಎಫ್' ಅಕ್ಷರದ ಮುಂದೆ ಒಂದಿಷ್ಟು ಅಂಕಿಗಳಿರುವ ಸಾವಿರಾರು ಫೈಲುಗಳ ರಾಶಿಯಲ್ಲಿ ಮದುವೆ ಯಾವುದು, ವಾಟ್ಸ್‌ಆ್ಯಪ್ ಗುಡ್ ಮಾರ್ನಿಂಗ್ ಯಾವುದು ಎಂದು ಕೂತು ಆರಿಸಬೇಕು. ಸಾವಿರಾರು ರೂಪಾಯಿಗೆ ಮಾರುವ 'ಡೇಟಾ ರಿಕವರಿ' ಸಾಫ್ಟ್‌ವೇರ್ ಕೊಳ್ಳುವ ಮೊದಲು ಈ ಉಚಿತ ಸಾಧನವನ್ನು ನೋಡಿ.

ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಇದ್ದರೆ ಲೆಕ್ಕ ಬೇರೆ. ಅಳಿಸಿದ ಜಾಗವನ್ನು ಅದು 'ಟ್ರಿಮ್' ಎಂಬ ಆಜ್ಞೆಯ ಮೇರೆಗೆ ತಾನೇ ಗುಡಿಸಿ ಹಾಕುತ್ತದೆ, ಫಾರ್ಮ್ಯಾಟ್ ಆದಮೇಲೆ ಸಿಗುವುದು ಬಹಳ ಅಪರೂಪ. ಇನ್ನೊಂದು ಗೋಡೆ ಎನ್‌ಕ್ರಿಪ್ಶನ್. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಬಿಟ್‌ಲಾಕರ್ ನಿಮ್ಮನ್ನು ಕೇಳದೆಯೇ ಡಿಸ್ಕಿಗೆ ಬೀಗ ಹಾಕಿರುವುದುಂಟು. ಆಗ ಲಿನಕ್ಸಿಗೆ ಕಾಣುವುದು ಅರ್ಥವಿಲ್ಲದ ಬೈಟುಗಳು. ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. 2024ರ ಜುಲೈನಲ್ಲಿ ಬಹಳಷ್ಟು ಕಚೇರಿಗಳ ಕೆಲಸ ನಿಧಾನವಾಗಿದ್ದು ಈ ಕೀ ಹುಡುಕುವುದರಲ್ಲಿ. ಆ ಅವಘಡದ ನಂತರ ಮೈಕ್ರೋಸಾಫ್ಟ್, ಯಂತ್ರ ಕುಸಿದರೂ ತಾನೇ ದೂರದಿಂದ ರಿಪೇರಿ ಮಾಡುವ 'ಕ್ವಿಕ್ ಮಷಿನ್ ರಿಕವರಿ'ಯನ್ನು ಪ್ರಕಟಿಸಿತು. ಒಳ್ಳೆಯದೇ. ಆದರೆ ಅದು ಆಧರಿಸಿರುವ ರಿಕವರಿ ವ್ಯವಸ್ಥೆ ಕೂತಿರುವುದು ಅದೇ ಡಿಸ್ಕಿನಲ್ಲಿ. ಡಿಸ್ಕೇ ಹೋದರೆ ಅದೂ ಹೋಯಿತು. ಹೊರಗಿನ ಪೆನ್ ಡ್ರೈವ್‌ಗೆ ಬದಲಿ ಅದಲ್ಲ.

ಹಾಗಾಗಿ ಯಂತ್ರ ಚೆನ್ನಾಗಿ ಓಡುತ್ತಿರುವ ಈ ವಾರವೇ ಎರಡು ಕೆಲಸ ಮಾಡಿ. ಖಾಲಿ ಪೆನ್ ಡ್ರೈವ್ ಒಂದಕ್ಕೆ ಸಿಸ್ಟಂರೆಸ್ಕ್ಯೂ ಅಥವಾ ಉಬುಂಟು ಲಿನಕ್ಸ್ ಹಾಕಿ, ಅದರಿಂದ ಒಮ್ಮೆ ಬೂಟ್ ಮಾಡಿ ನೋಡಿ. ಅಪರಿಚಿತ ವ್ಯವಸ್ಥೆಗಳು ಬೂಟ್ ಆಗದಂತೆ ತಡೆಯುವ 'ಸೆಕ್ಯೂರ್ ಬೂಟ್' ಅಡ್ಡ ಬಂದರೆ ಉಬುಂಟು ಸಾಮಾನ್ಯವಾಗಿ ದಾಟುತ್ತದೆ. ಪೆನ್ ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಎರಡನೆಯದು, ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು ಬೀರುವಿನಲ್ಲಿಡಿ. ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಮಾತ್ರ ಬೇಡ.