ಕೊಡುವ ತೋಳಿಗೂ ಪಡೆಯುವ ತೋಳಿಗೂ ನಡುವೆ: ಸೇನೆಯ ರಕ್ತನಿಧಿ ಸಿಬ್ಬಂದಿಯ ತರಬೇತಿ

ಅನ್ನದಾನ, ವಿದ್ಯಾದಾನಗಳ ಮಹತ್ವವನ್ನು ನಮ್ಮ ಮಠಗಳ ದಾಸೋಹ ಪರಂಪರೆಯು ಶತಮಾನಗಳಿಂದ ಸಾರುತ್ತ ಬಂದಿದೆ. ಆ ಸಾಲಿಗೆ ಇಪ್ಪತ್ತನೆಯ ಶತಮಾನವು ಸೇರಿಸಿದ ದಾನ ರಕ್ತದಾನ. ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಒಬ್ಬ ಮನುಷ್ಯನ ದೇಹದಿಂದಲೇ ಅದು ಇನ್ನೊಬ್ಬನಿಗೆ ದೊರೆಯಬೇಕು. ದಾನಿಗಳ ಔದಾರ್ಯದ ಕುರಿತು ನಾವು ಆಗಾಗ ಓದುತ್ತೇವೆ, ಕೇಳುತ್ತೇವೆ. ಆದರೆ ದಾನಿಯ ತೋಳಿನಿಂದ ಹೊರಟ ರಕ್ತವು ರೋಗಿಯ ತೋಳನ್ನು ಸೇರುವ ಮುನ್ನ ಹಲವರ ಕೈಗಳನ್ನು ಹಾದುಹೋಗುತ್ತದೆ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸೂಜಿ ಚುಚ್ಚುವ ಕೈ, ಗುಂಪು ಪರೀಕ್ಷಿಸುವ ಕೈ, ಚೀಟಿ ಅಂಟಿಸುವ ಕೈ, ಶೀತಪೆಟ್ಟಿಗೆಯಿಂದ ತೆಗೆದುಕೊಡುವ ಕೈ. ಇವುಗಳಲ್ಲಿ ಒಂದು ಎಡವಿದರೂ ಸದುದ್ದೇಶದ ದಾನವೇ ಪ್ರಾಣಾಪಾಯಕ್ಕೆ ಕಾರಣವಾದೀತು.

ಈ ಕೈಗಳನ್ನು ಪಳಗಿಸುವ ಕಾರ್ಯವನ್ನು ಅತ್ಯಂತ ಕಠಿಣ ಸನ್ನಿವೇಶಗಳಿಗಾಗಿ ರೂಪಿಸಿಕೊಂಡಿರುವುದು ಸೇನಾ ವೈದ್ಯಕೀಯ ವ್ಯವಸ್ಥೆ. ಅದರಲ್ಲಿಯೂ ಅಮೆರಿಕದ ಸಶಸ್ತ್ರ ಪಡೆಗಳ ಪದ್ಧತಿಯು ವಿವರವಾಗಿ ತಿಳಿದುಕೊಳ್ಳತಕ್ಕದ್ದಾಗಿದೆ. ಅದರ ಪರಿಚಯವನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ರಣಭೂಮಿಯಲ್ಲಿ ಬೆಳೆದ ವಿದ್ಯೆ

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದರು. 1914 ಮತ್ತು 1915ರಲ್ಲಿ, ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತವು ಹೆಪ್ಪುಗಟ್ಟದೆ ಉಳಿಯುವುದೆಂದು ಬೆಲ್ಜಿಯಂ, ಅರ್ಜೆಂಟೀನ ಮತ್ತು ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ಈ ಎರಡು ಅರಿವುಗಳನ್ನು ಯುದ್ಧಭೂಮಿಗೆ ಒಯ್ದವರು ಅಮೆರಿಕದ ಸೇನಾ ವೈದ್ಯ ಆಸ್ವಾಲ್ಡ್ ರಾಬರ್ಟ್‌ಸನ್. 1917ರಲ್ಲಿ ಅವರು ಓ ಗುಂಪಿನ ರಕ್ತವನ್ನು ಮೊದಲೇ ಸಂಗ್ರಹಿಸಿ, ಮಂಜುಗಡ್ಡೆಯಲ್ಲಿಟ್ಟು, ಗಾಯಾಳುಗಳಿದ್ದಲ್ಲಿಗೆ ಸಾಗಿಸಿದರು. ಇಂದಿನ ರಕ್ತನಿಧಿಯ ಕಲ್ಪನೆಗೆ ಅದೇ ಬುನಾದಿ. ಟೆಕ್ಸಾಸ್ ರಾಜ್ಯದ ಫೋರ್ಟ್ ಹುಡ್‌ನಲ್ಲಿರುವ ಸೇನಾ ರಕ್ತಕೇಂದ್ರವು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅಮೆರಿಕದ ಮೂರೂ ಪಡೆಗಳಿಗೆ ರಕ್ತ ಒದಗಿಸುವ ಸಶಸ್ತ್ರ ಪಡೆಗಳ ರಕ್ತ ಯೋಜನೆಯ ಇತಿಹಾಸವು 1952ರಿಂದ ಆರಂಭವಾಗುತ್ತದೆ.

ಈ ವ್ಯವಸ್ಥೆಯ ಮೇಲಿರುವ ಹೊಣೆ ಎಷ್ಟು ದೊಡ್ಡದೆಂಬುದನ್ನು ಒಂದು ಅಧ್ಯಯನ ತಿಳಿಸುತ್ತದೆ. 2001ರಿಂದ 2011ರವರೆಗಿನ ಯುದ್ಧಗಳಲ್ಲಿ ಮಡಿದ 4,596 ಅಮೆರಿಕನ್ ಯೋಧರ ಮರಣಗಳನ್ನು ತಜ್ಞರು ಪರಿಶೀಲಿಸಿದರು. ಶಸ್ತ್ರಚಿಕಿತ್ಸಾ ಘಟಕವನ್ನು ಮುಟ್ಟುವ ಮೊದಲೇ ಮಡಿದವರಲ್ಲಿ, ಬದುಕಿಸಲು ಸಾಧ್ಯವಿತ್ತೆಂದು ಗುರುತಿಸಲಾದವರ ಪೈಕಿ ಶೇಕಡ 90ರಷ್ಟು ಮಂದಿಯ ಸಾವಿಗೆ ರಕ್ತಸ್ರಾವವೇ ಕಾರಣವಾಗಿತ್ತು.

ಎರಡು ಹಂತಗಳ ಶಿಕ್ಷಣ

ಸೇನಾ ಪ್ರಯೋಗಾಲಯದ ತಂತ್ರಜ್ಞರಿಗೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಶಿಕ್ಷಣ ದೊರೆಯುತ್ತದೆ. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ವಿದ್ಯಾರ್ಥಿಗಳು ಅಲ್ಲಿ ಜೊತೆಯಾಗಿ ಕಲಿಯುತ್ತಾರೆ. ಮೊದಲ ಹಂತವು ತರಗತಿ ಮತ್ತು ಅಭ್ಯಾಸದ ಪ್ರಯೋಗಾಲಯಗಳಲ್ಲಿ ನಡೆದರೆ, ಎರಡನೆಯ ಹಂತವು ಸೇನಾ ಆಸ್ಪತ್ರೆಗಳಲ್ಲಿ, ನಿಜವಾದ ರೋಗಿಗಳ ಮಾದರಿಗಳೊಂದಿಗೆ ನಡೆಯುತ್ತದೆ. ಅವರು ಕಲಿಯುವ ಹಲವು ವಿಷಯಗಳಲ್ಲಿ ರಕ್ತನಿಧಿಯೂ ಒಂದು. ಆದರೆ ಬಿಗಿಯಾದ ಶಿಸ್ತು ಇರುವುದು ಇಲ್ಲಿಯೇ. ಸಕ್ಕರೆಯ ಪ್ರಮಾಣವನ್ನು ಅಳೆಯುವಲ್ಲಿ ಸಂದೇಹ ಬಂದರೆ ಮತ್ತೊಮ್ಮೆ ಅಳೆಯಬಹುದು. ದೇಹದೊಳಗೆ ಹರಿದ ತಪ್ಪು ಗುಂಪಿನ ರಕ್ತವನ್ನು ಹಿಂದಕ್ಕೆ ತೆಗೆಯಲಾಗದು.

ದಾನಿಯ ಬಳಿಯಲ್ಲಿ

ದಾನಿಕೇಂದ್ರದಲ್ಲಿ ಮೊದಲು ಕಲಿಯಬೇಕಾದದ್ದು ಕೇಳುವ ಕಲೆ. ಸಂದರ್ಶನದಲ್ಲಿ ದಾನಿಯ ಆರೋಗ್ಯ, ಔಷಧಿ, ಪ್ರವಾಸ, ಸೋಂಕಿನ ಸಂಭವಗಳ ಬಗ್ಗೆ ಖಾಸಗಿಯಾದ ಪ್ರಶ್ನೆಗಳಿರುತ್ತವೆ. ಅವಸರದಲ್ಲಿ ಕೇಳಿದರೆ ದಾನಿಯೂ ಅವಸರದಲ್ಲಿ ಉತ್ತರಿಸುತ್ತಾನೆ. ಸೇನೆಯಲ್ಲಿ ಇನ್ನೊಂದು ತೊಡಕಿದೆ: ಎದುರು ಕುಳಿತ ದಾನಿಯು ಮೇಲಧಿಕಾರಿಯಾಗಿರಬಹುದು. ಅವನು ಅನರ್ಹನೆಂದು ಕಂಡುಬಂದರೆ, ಪದವಿಯಲ್ಲಿ ಎಷ್ಟೇ ಕಿರಿಯನಾದರೂ ತಂತ್ರಜ್ಞನು ವಿನಯದಿಂದ, ದೃಢವಾಗಿ ಹಿಂದಕ್ಕೆ ಕಳುಹಿಸಬೇಕು.

ಆಮೇಲೆ ಸೂಜಿಯ ಅಭ್ಯಾಸ. ಮೊದಲು ಕೃತಕ ತೋಳಿನ ಮೇಲೆ, ಬಳಿಕ ಅನುಭವಿಗಳ ಮೇಲ್ವಿಚಾರಣೆಯಲ್ಲಿ ದಾನಿಗಳ ತೋಳಿನ ಮೇಲೆ. ರಕ್ತ ಸಂಗ್ರಹಕ್ಕೆ ಬಳಸುವ ಸೂಜಿಯು ಸಾಮಾನ್ಯ ಪರೀಕ್ಷೆಯ ಸೂಜಿಗಿಂತ ದಪ್ಪನಾದದ್ದು. ನರವನ್ನು ಕಣ್ಣಿನಿಂದ ಹುಡುಕದೆ ಬೆರಳಿನಿಂದ ಹುಡುಕಬೇಕೆಂಬುದು ಇಲ್ಲಿಯ ಮೊದಲ ಪಾಠ. ಚರ್ಮವನ್ನು ನಂಜುನಿರೋಧಕದಿಂದ ಉಜ್ಜಿ, ನಿಗದಿತ ಹೊತ್ತು ಒಣಗಲು ಬಿಟ್ಟ ಮೇಲೆ ಆ ಜಾಗವನ್ನು ಮತ್ತೆ ಮುಟ್ಟಕೂಡದು. ಮೊದಲು ಬರುವ ಸ್ವಲ್ಪ ರಕ್ತವನ್ನು ಬೇರೊಂದು ಕಿರುಚೀಲಕ್ಕೆ ಹರಿಸಿ ಪರೀಕ್ಷೆಗೆ ಬಳಸುತ್ತಾರೆ. ಚರ್ಮದ ಮೇಲೆ ಉಳಿದಿರಬಹುದಾದ ಸೂಕ್ಷ್ಮಾಣುಗಳು ದೊಡ್ಡ ಚೀಲ ಸೇರದಿರಲೆಂಬುದು ಇದರ ಉದ್ದೇಶ. ರಕ್ತ ತುಂಬುವಾಗ ಚೀಲವನ್ನು ಮೆಲ್ಲಗೆ ತೂಗುತ್ತಿರಬೇಕು. ಇಲ್ಲವಾದರೆ ಸಿಟ್ರೇಟ್ ಸರಿಯಾಗಿ ಬೆರೆಯದೆ ರಕ್ತ ಹೆಪ್ಪುಗಟ್ಟುತ್ತದೆ.

ಇಷ್ಟೆಲ್ಲ ಕೈ ಮಾಡುತ್ತಿರುವಾಗ ಕಣ್ಣು ದಾನಿಯ ಮುಖದ ಮೇಲಿರಬೇಕು. ಮುಖ ಬಿಳಿಚಿಕೊಳ್ಳುವುದು, ಹಣೆ ಬೆವರುವುದು, ಮಾತು ನಿಲ್ಲುವುದು ತಲೆಸುತ್ತಿನ ಮುನ್ಸೂಚನೆಗಳು. ಕೂಡಲೇ ಸಂಗ್ರಹ ನಿಲ್ಲಿಸಿ, ಕಾಲುಗಳನ್ನು ಎತ್ತರಿಸಿ, ಧೈರ್ಯ ಹೇಳುವುದೂ ಪಠ್ಯದ ಭಾಗವೇ ಆಗಿದೆ.

ಪರೀಕ್ಷೆಯ ಮೇಜಿನಲ್ಲಿ

ರಕ್ತದ ಗುಂಪನ್ನು ಎರಡು ದಿಕ್ಕುಗಳಿಂದ ಪರೀಕ್ಷಿಸಲಾಗುತ್ತದೆ. ಕೆಂಪು ಕಣಗಳಿಗೆ ಗೊತ್ತಿರುವ ಪ್ರತಿಕಾಯವನ್ನು ಸೇರಿಸಿ ಅವು ಗುಂಪುಗೂಡುತ್ತವೆಯೇ ಎಂದು ನೋಡುವುದು ಒಂದು ದಿಕ್ಕು. ಅದೇ ವ್ಯಕ್ತಿಯ ಪ್ಲಾಸ್ಮಾಕ್ಕೆ ಗೊತ್ತಿರುವ ಕಣಗಳನ್ನು ಸೇರಿಸಿ ನೋಡುವುದು ಇನ್ನೊಂದು. ಎರಡೂ ಒಂದೇ ಉತ್ತರ ಕೊಟ್ಟರೆ ಮಾತ್ರ ಗುಂಪು ನಿಶ್ಚಯವಾಗುತ್ತದೆ.

ಎರಡನೆಯ ದಿಕ್ಕು ಏಕೆ ಬೇಕೆಂಬುದಕ್ಕೆ ನಮ್ಮ ದೇಶವೇ ಜಗತ್ತಿಗೆ ಉದಾಹರಣೆ ಕೊಟ್ಟಿದೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು ಮುಂಬೈಯಲ್ಲಿ ಒಂದು ಅಪರೂಪದ ಗುಂಪನ್ನು ಗುರುತಿಸಿದರು. ಬಾಂಬೆ ಗುಂಪು ಎಂದೇ ಅದು ಪ್ರಸಿದ್ಧವಾಗಿದೆ. ಕರ್ನಾಟಕದಲ್ಲಿಯೂ ಈ ಗುಂಪಿನವರಿದ್ದಾರೆ. ಮೊದಲ ದಿಕ್ಕಿನ ಪರೀಕ್ಷೆಯಲ್ಲಿ ಇವರು ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಓ ಗುಂಪಿನ ರಕ್ತ ಕೊಟ್ಟರೆ ಇವರ ದೇಹವು ತೀವ್ರವಾಗಿ ಪ್ರತಿಭಟಿಸುತ್ತದೆ. ಇವರ ಪ್ಲಾಸ್ಮಾವನ್ನು ಓ ಕಣಗಳೊಂದಿಗೆ ಬೆರೆಸಿ ನೋಡಿದ ತಂತ್ರಜ್ಞನಿಗೆ ಮಾತ್ರ ಸತ್ಯ ತಿಳಿಯುತ್ತದೆ.

ಪುಸ್ತಕದಿಂದ ಕಲಿಯಲಾಗದ ಸೂಕ್ಷ್ಮಗಳು ಇಲ್ಲಿ ಬರುತ್ತವೆ. ತಿರುಗುಯಂತ್ರದಿಂದ ತೆಗೆದ ಗಾಜಿನ ನಳಿಕೆಯನ್ನು ಎಷ್ಟು ಅಲುಗಿಸಬೇಕು? ಜೋರಾಗಿ ಅಲುಗಿಸಿದರೆ ದುರ್ಬಲವಾಗಿ ಅಂಟಿಕೊಂಡಿದ್ದ ಕಣಗಳು ಬಿಡಿಬಿಡಿಯಾಗಿ, ಹೊಂದದ ರಕ್ತವು ಹೊಂದುವಂತೆ ತೋರುತ್ತದೆ. ಮೆಲ್ಲಗೆ ಓರೆ ಮಾಡಿ, ತಳದ ಕಣಗಳು ಎದ್ದುಬರುವ ಬಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. 1945ರಲ್ಲಿ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ ಕಣಗಳನ್ನು ಲವಣಜಲದಿಂದ ಮತ್ತೆ ಮತ್ತೆ ತೊಳೆಯಬೇಕು. ಒಂದು ತೊಳೆತ ಸರಿಯಾಗದಿದ್ದರೂ ಉತ್ತರ ಸುಳ್ಳಾಗುತ್ತದೆ. ಆದ್ದರಿಂದಲೇ ದೋಷವಿಲ್ಲವೆಂದು ಕಂಡ ನಳಿಕೆಗೂ ತಾಳೆಗೆಂದೇ ಸಿದ್ಧಪಡಿಸಿದ ಕಣಗಳನ್ನು ಹಾಕಿ, ಪರೀಕ್ಷೆಯನ್ನೇ ಪರೀಕ್ಷಿಸುತ್ತಾರೆ. ಶಿಷ್ಯನು ಗುರುವಿನ ಪಕ್ಕದಲ್ಲಿ ನಿಂತು ನೂರಾರು ನಳಿಕೆಗಳನ್ನು ನೋಡಿದ ಮೇಲೆಯೇ ಈ ಕಣ್ಣು ತೆರೆಯುತ್ತದೆ.

ಹೆಸರನ್ನು ಓದುವ ವ್ರತ

ಇಷ್ಟು ಸೂಕ್ಷ್ಮವಾದ ಪರೀಕ್ಷೆಗಳಿದ್ದರೂ ತಪ್ಪು ಗುಂಪಿನ ರಕ್ತ ಕೊಡುವ ಅವಘಡಗಳಿಗೆ ಹೆಚ್ಚಾಗಿ ಕಾರಣವಾಗುವುದು ಗುರುತಿನ ತಪ್ಪು: ಒಬ್ಬರ ಮಾದರಿಗೆ ಇನ್ನೊಬ್ಬರ ಚೀಟಿ, ಒಬ್ಬರ ಚೀಲ ಇನ್ನೊಬ್ಬರ ಹಾಸಿಗೆಗೆ. ಆದ್ದರಿಂದ ನಳಿಕೆಗೆ ರೋಗಿಯ ಬಳಿಯಲ್ಲಿಯೇ ಚೀಟಿ ಅಂಟಿಸುವುದು, ಹೆಸರು ಮತ್ತು ಸಂಖ್ಯೆಗಳನ್ನು ಇಬ್ಬರು ಗಟ್ಟಿಯಾಗಿ ಓದಿ ಹೊಂದಿಸುವುದು, ಒಂದಕ್ಷರ ವ್ಯತ್ಯಾಸವಿದ್ದರೂ ಮಾದರಿಯನ್ನು ತಿರಸ್ಕರಿಸುವುದು ಇವುಗಳನ್ನು ದಿನವೂ ರೂಢಿಸುತ್ತಾರೆ. ಸೈನಿಕನ ಕೊರಳ ಬಿಲ್ಲೆಯ ಮೇಲೆ ರಕ್ತದ ಗುಂಪು ಕೆತ್ತಿರುತ್ತದೆ. ಅದನ್ನಷ್ಟೇ ನೆಚ್ಚಿ ರಕ್ತ ಕೊಡಬಾರದೆಂದು ಕಲಿಸುತ್ತಾರೆ. ಸೇನೆಯೆಂಬ ಕಾರಣಕ್ಕೆ ವಿನಾಯಿತಿಯೂ ಇಲ್ಲ. ಸೇನಾ ರಕ್ತಕೇಂದ್ರಗಳು ನಾಗರಿಕ ಕೇಂದ್ರಗಳಂತೆಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮಗಳಿಗೆ ಒಳಪಟ್ಟಿವೆ.

ಕಾಪಾಡುವ ಕಾಲಾವಧಿಯೂ ಒಂದು ಲೆಕ್ಕಾಚಾರ. ಕೆಂಪು ಕಣಗಳು 1ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 42 ದಿನಗಳವರೆಗೆ ಬಾಳುತ್ತವೆ. ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ ಸದಾ ತೂಗಾಡಿಸುತ್ತ ಇಟ್ಟರೂ ಸಾಮಾನ್ಯವಾಗಿ 5 ದಿನ ಮಾತ್ರ. ಗ್ಲಿಸರಾಲ್ ಬೆರೆಸಿ ಮೈನಸ್ 65 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿಸಿದ ಕೆಂಪು ಕಣಗಳನ್ನು 10 ವರ್ಷ ಇಡಬಹುದು. ಹಡಗುಗಳಿಗೂ ದೂರದ ನೆಲೆಗಳಿಗೂ ಇದು ಆಸರೆ. ಆದರೆ ಅವುಗಳನ್ನು ಕರಗಿಸಿ, ಗ್ಲಿಸರಾಲ್ ತೊಳೆದು ಬಳಕೆಗೆ ತರುವುದಕ್ಕೆ ಪ್ರತ್ಯೇಕ ತರಬೇತಿಯೇ ಬೇಕು.

ನಡೆದಾಡುವ ರಕ್ತನಿಧಿ

ಶೇಖರಿಸಿದ ರಕ್ತವೇ ಮುಗಿದುಹೋದರೆ? ಆಗ ಬಳಿಯಲ್ಲಿರುವ ಯೋಧರೇ ರಕ್ತನಿಧಿ. ಇದನ್ನು ಸೇನೆಯಲ್ಲಿ ನಡೆದಾಡುವ ರಕ್ತನಿಧಿ ಎನ್ನುತ್ತಾರೆ. ಓ ಗುಂಪಿನ ಕೆಂಪು ಕಣಗಳು ಹೆಚ್ಚಿನವರಿಗೆ ಹೊಂದುತ್ತವೆಯಾದರೂ ಅದರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಗುಂಪುಗಳಿಗೆ ವಿರುದ್ಧವಾದ ಪ್ರತಿಕಾಯಗಳಿರುತ್ತವೆ. ಆದ್ದರಿಂದ ಈ ಪ್ರತಿಕಾಯಗಳು ಕಡಿಮೆ ಇರುವ ಓ ಗುಂಪಿನ ಯೋಧರನ್ನು ಮೊದಲೇ ಪರೀಕ್ಷಿಸಿ ಪಟ್ಟಿ ಮಾಡಿರುತ್ತಾರೆ. ಅಗತ್ಯ ಬಿದ್ದಾಗ ಅವರನ್ನು ಕರೆಸಿ, ಸೋಂಕುಗಳ ತ್ವರಿತ ಪರೀಕ್ಷೆ ಮಾಡಿ, ಬೆಚ್ಚಗಿನ ಪೂರ್ಣರಕ್ತವನ್ನು ಗಾಯಾಳುವಿಗೆ ಕೊಡುತ್ತಾರೆ; ಪೂರ್ಣ ಪರೀಕ್ಷೆಗಾಗಿ ಮಾದರಿಗಳನ್ನು ಬಳಿಕ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.

ಇದರ ಅಭ್ಯಾಸಕ್ಕೆಂದು ಅಮೆರಿಕದ ನೌಕಾಸೇನೆ ಮತ್ತು ಮೆರೀನ್ ಪಡೆಗಳಲ್ಲಿ ವಾಲ್ಕಿರಿ ಎಂಬ ತರಬೇತಿಯಿದೆ. ಅಲ್ಲಿ ಜೊತೆಗಾರನ ತೋಳಿನಿಂದ ರಕ್ತ ತೆಗೆದು, ಅದನ್ನು ಮತ್ತೆ ಅವನಿಗೇ ಏರಿಸುತ್ತಾರೆ. ತನ್ನ ರಕ್ತ ತನಗೇ ಮರಳುವುದರಿಂದ ಗುಂಪಿನ ಅಪಾಯವಿಲ್ಲ. ಆದರೆ ಕೈಯ ನಡುಕ, ಕತ್ತಲು, ಅವಸರ ಎಲ್ಲವೂ ನಿಜವಾದವು.

ಅಭ್ಯಾಸಕ್ಕೂ ದಾನಿ ಬೇಕು

ಈ ಎಲ್ಲ ವಿವರಗಳಿಂದ ನಾವು ತಿಳಿಯಬೇಕಾದ ಮುಖ್ಯ ಮಾತೊಂದಿದೆ. ಈ ಕೌಶಲವನ್ನು ಕಲಿತು ಕಪಾಟಿನಲ್ಲಿಡಲಾಗದು. ವಾರಗಟ್ಟಲೆ ಸೂಜಿ ಹಿಡಿಯದ ಕೈ ಮಂದವಾಗುತ್ತದೆ. ಯುದ್ಧವಿಲ್ಲದ ದಿನಗಳಲ್ಲಿ ಸೇನೆಯ ತಂತ್ರಜ್ಞನ ಕೈಯನ್ನು ಹರಿತವಾಗಿಡುವವರು ಎಂದಿನಂತೆ ಬಂದು ರಕ್ತ ಕೊಟ್ಟು ಹೋಗುವ ಸ್ವಯಂಪ್ರೇರಿತ ದಾನಿಗಳು. ಅವರ ರಕ್ತ ಒಬ್ಬ ರೋಗಿಗೆ ನೆರವಾದರೆ, ಅವರ ತಾಳ್ಮೆಯು ಮುಂದೆ ಆ ತಂತ್ರಜ್ಞನ ಕೈಗೆ ಬರುವ ಅನೇಕ ಗಾಯಾಳುಗಳಿಗೆ ನೆರವಾಗುತ್ತದೆ. ಕಾಯಕವನ್ನು ಪೂಜೆಯೆಂದು ತಿಳಿದ ಶರಣ ಪರಂಪರೆಗೆ ಈ ಸಂಬಂಧವು ಸುಲಭವಾಗಿ ಅರ್ಥವಾಗುತ್ತದೆ: ದಾನಿಯ ದಾಸೋಹವೂ ತಂತ್ರಜ್ಞನ ಕಾಯಕವೂ ಕೂಡಿದಾಗಲೇ ಪ್ರಾಣ ಉಳಿಯುತ್ತದೆ.

ನಮ್ಮ ದೇಶದಲ್ಲಿಯೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ದೆಹಲಿಯ ಸಶಸ್ತ್ರ ಪಡೆಗಳ ರಕ್ತಪೂರಣ ಕೇಂದ್ರಗಳು ಈ ವಿದ್ಯೆಯನ್ನು ಪೋಷಿಸುತ್ತಿವೆ. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ, ಹಣಕ್ಕಾಗಿ ರಕ್ತ ಕೊಡುವ ಪದ್ಧತಿಯು 1998ರ ಜನವರಿ 1ರಿಂದ ನಿಷಿದ್ಧವಾಗಿದೆ. ಆದ್ದರಿಂದ ಸೇನೆಯಾಗಲಿ, ನಾಗರಿಕ ಆಸ್ಪತ್ರೆಯಾಗಲಿ, ಸ್ವಇಚ್ಛೆಯ ದಾನಿಗಳನ್ನೇ ನೆಚ್ಚಬೇಕಾಗಿದೆ.

ಓದುಗರಲ್ಲಿ ನಮ್ಮ ವಿನಂತಿ

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5 ಗ್ರಾಮ್ ಅಥವಾ ಹೆಚ್ಚಿರುವ ಆರೋಗ್ಯವಂತರು ರಕ್ತದಾನ ಮಾಡಬಹುದು. ಪುರುಷರು 90 ದಿನಗಳಿಗೊಮ್ಮೆ, ಸ್ತ್ರೀಯರು 120 ದಿನಗಳಿಗೊಮ್ಮೆ ಕೊಡಬಹುದು. ಬರಿಹೊಟ್ಟೆಯಲ್ಲಿ ಹೋಗಬೇಡಿ, ಮೊದಲೂ ಆಮೇಲೂ ಸಾಕಷ್ಟು ನೀರು ಕುಡಿಯಿರಿ. ಸಂದರ್ಶನದ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಸತ್ಯವನ್ನೇ ಹೇಳಿ. ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಗದಿರಬಹುದು. ಆಗ ರೋಗಿಯನ್ನು ಕಾಯುವುದು ನಿಮ್ಮ ಮಾತೊಂದೇ. ಈ ಸಲ ಬೇಡವೆಂದು ಹಿಂದಕ್ಕೆ ಕಳುಹಿಸಿದರೆ ಬೇಸರಿಸಬೇಡಿ. ಹೆಸರನ್ನು ಮೂರು ಸಲ ಕೇಳಿದರೂ ಮೂರು ಸಲವೂ ಹೇಳಿ. ಕಲಿಯುತ್ತಿರುವ ಯುವಕನೋ ಯುವತಿಯೋ ಗುರುವಿನ ಕಣ್ಣೆದುರು ನಿಮ್ಮ ತೋಳಿನ ನರವನ್ನು ಹುಡುಕುತ್ತಿದ್ದರೆ, ಒಂದು ನಿಮಿಷ ಹೆಚ್ಚು ಹಿಡಿದರೂ ತಾಳ್ಮೆಯಿಂದ ತೋಳು ಚಾಚಿರಿ.