ಹಿಂದಿನಿಂದ ಕರೆದರೂ ಪರವಾಗಿಲ್ಲ

ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಬಂದರೆ ನನಗೆ ಇನ್ನೊಂದು ಕೆಲಸ ಕಾದಿರುತ್ತಿತ್ತು. ಬಸವೇಶ್ವರನಗರದ ನಮ್ಮ ಪುಟ್ಟ ಮನೆಯ ಹಾಲ್‌ನಲ್ಲಿ ಮಗಳು ಪುಸ್ತಕ ಹರಡಿಕೊಂಡು, 'ಅಮ್ಮಾ, ಪ್ರಶ್ನೆ ಕೇಳು ಬಾ' ಎನ್ನುತ್ತಿದ್ದಳು. ಅವಳು ಪೈಲಟ್ ಆಗಲು ಹೊರಟವಳು. ಹಾರುವುದಿರಲಿ, ಅದಕ್ಕಾಗಿ ಓದುವುದೇ ರಾಶಿ. ಹವಾಮಾನ, ನ್ಯಾವಿಗೇಷನ್, ವಾಯುಯಾನದ ನಿಯಮ, ವಿಮಾನದ ಯಂತ್ರ. ಡಿಜಿಸಿಎ ಪರೀಕ್ಷೆಯಲ್ಲಿ ಪಾಸಾಗಲು ನೂರಕ್ಕೆ 70 ಬರಲೇಬೇಕು. 35 ಬಂದರೆ ದೇವರಿಗೆ ಕಾಯಿ ಒಡೆಸುತ್ತಿದ್ದ ಕಾಲದವಳು ನಾನು!

ಮೋಡ, ಗಾಳಿಯ ಲೆಕ್ಕ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ 'ಹ್ಯೂಮನ್ ಫ್ಯಾಕ್ಟರ್ಸ್' ಎಂಬ ಭಾಗ ಮಾತ್ರ ಅಡುಗೆಮನೆಯ ವಿಷಯದಷ್ಟೇ ಚೆನ್ನಾಗಿ ಅರ್ಥವಾಯಿತು. ಮನುಷ್ಯ ಹೇಗೆ ತಪ್ಪು ಮಾಡುತ್ತಾನೆ, ಆ ತಪ್ಪು ಅನಾಹುತವಾಗದಂತೆ ಹೇಗೆ ತಡೆಯಬೇಕು ಎಂಬ ಪಾಠ ಅದು.

ತಪ್ಪಿನಲ್ಲೂ ಬಗೆಗಳಿವೆಯಂತೆ. ಸಕ್ಕರೆ ಡಬ್ಬಿಯೆಂದು ಉಪ್ಪಿನ ಡಬ್ಬಿಗೆ ಚಮಚ ಹಾಕಿದರೆ ಅದು 'ಸ್ಲಿಪ್'. ಗೀಸರ್ ಆಫ್ ಮಾಡಲು ಮರೆತರೆ 'ಲ್ಯಾಪ್ಸ್'. ಎರಡನೇ ಶನಿವಾರ ಬ್ಯಾಂಕ್ ತೆರೆದಿರುತ್ತದೆಂದು ನಂಬಿ ವಿಜಯನಗರದವರೆಗೂ ಹೋದರೆ 'ಮಿಸ್ಟೇಕ್'. ಒನ್ ವೇ ಎಂದು ಗೊತ್ತಿದ್ದೂ ಸ್ಕೂಟರ್ ನುಗ್ಗಿಸಿದರೆ 'ವಯಲೇಷನ್'.

'ನಾಲ್ಕನೇದು ಅಪ್ಪಂದು' ಎಂದ ಎಂಟನೇ ಕ್ಲಾಸಿನ ಮಗ. ನಮ್ಮವರು ಪೇಪರ್ ಹಿಂದೆ ಮುಖ ಮರೆಸಿಕೊಂಡರು.

ಒಂದೇ ತಪ್ಪಿನಿಂದ ವಿಮಾನ ಬೀಳುವುದು ಅಪರೂಪ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ತೂತುಗಳಿರುವ ಚೀಸ್ ಬಿಲ್ಲೆಗಳಿಗೆ ಹೋಲಿಸಿದರು. ನಿಯಮ, ತರಬೇತಿ, ಯಂತ್ರದ ಎಚ್ಚರಿಕೆ, ಪಕ್ಕದ ಪೈಲಟ್, ಇವು ಒಂದೊಂದೂ ಒಂದು ಬಿಲ್ಲೆ. ಪ್ರತಿಯೊಂದರಲ್ಲೂ ತೂತು ಇದ್ದೇ ಇರುತ್ತದೆ. ಎಲ್ಲ ತೂತುಗಳೂ ಒಂದೇ ನೇರಕ್ಕೆ ಬಂದ ದಿನ ಅಪಘಾತ. ಅಂಥ ಚೀಸ್ ನಾನೆಲ್ಲಿ ಕಂಡಿದ್ದೇನೆ! ಮಗಳು ಸೆಟ್ ದೋಸೆ ತಟ್ಟೆ ಮುಂದಿಟ್ಟಳು. 'ನೋಡಮ್ಮ, ಒಂದರ ತೂತನ್ನ ಇನ್ನೊಂದು ಮುಚ್ಚುತ್ತೆ.'

ನಗುನಗುತ್ತಾ ಸಾಗಿದ್ದ ಪಾಠ ಮಂಗಳೂರಿಗೆ ಬಂದಾಗ ನಿಂತಿತು. 2010ರ ಮೇ 22. ದುಬೈನಿಂದ ಬಂದ ಬೋಯಿಂಗ್ 737 ವಿಮಾನ ಮುಂಜಾನೆ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು 8 ಮಂದಿ. ಆ ದಿನ ಟಿವಿ ಮುಂದೆ ಕೂತು ಅತ್ತದ್ದು ನನಗೆ ನೆನಪಿದೆ. ಕಾರಣ ಗೊತ್ತಿರಲಿಲ್ಲ. ಮಗಳು ತನಿಖಾ ವರದಿಯ ವಿವರ ಹೇಳಿದಳು. ಹಾರಾಟದ ನಡುವೆ ಬಹಳ ಹೊತ್ತು ನಿದ್ದೆ ಮಾಡಿದ್ದ ಕ್ಯಾಪ್ಟನ್‌ಗೆ ಎದ್ದ ಮೇಲೂ ಮಂಪರು ಪೂರ್ತಿ ಹರಿದಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಯಂತ್ರ ಎಚ್ಚರಿಸುತ್ತಲೇ ಇತ್ತು. ಪಕ್ಕದಲ್ಲಿದ್ದ ಸಹ ಪೈಲಟ್, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂಬರ್ಥದ 'ಗೋ ಅರೌಂಡ್' ಅನ್ನು ಮೂರು ಸಲ ಹೇಳಿದ್ದರು. ಆದರೂ ವಿಮಾನ ಇಳಿಯಿತು.

ನನ್ನ ಎದೆ ಧಸಕ್ಕೆಂದಿತು. 'ಆ ಸೀಟಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?'

'ಮೊದಲು ಕೇಳಬೇಕು, ಆಮೇಲೆ ಎಚ್ಚರಿಸಬೇಕು, ಆಮೇಲೆ ನೇರವಾಗಿ ತಡೀಬೇಕು. ಆಗ್ಲೂ ಕೇಳದಿದ್ರೆ ಕಂಟ್ರೋಲ್ ತಗೋಬೇಕು' ಎಂದು ಪಾಠ ಒಪ್ಪಿಸಿದಳು. ಸ್ವಲ್ಪ ತಡೆದು, 'ಪರೀಕ್ಷೆಗೆ ಸರಿ ಉತ್ತರ ಇದೇ ಅಮ್ಮ. ಆದ್ರೆ ದೊಡ್ಡೋರಿಗೆ ಎದುರು ಹೇಳಿ ನಂಗೆ ಅಭ್ಯಾಸ ಎಲ್ಲಿದೆ?' ಎಂದಳು.

ನಾನು ಮಾತಾಡಲಿಲ್ಲ. 'ಎದುರು ಮಾತಾಡಬೇಡ' ಎಂದು ಅವಳನ್ನು ಬೆಳೆಸಿದವಳು ನಾನೇ.

ಅದಾದ ಮುಂದಿನ ವಾರ. ಬೆಳಗಿನ ಗಡಿಬಿಡಿ. ಕುಕ್ಕರ್ ಕೂಗುತ್ತಿತ್ತು, ಕೆಲಸಕ್ಕೆ ಹೊತ್ತಾಗುತ್ತಿತ್ತು. ಅತ್ತೆಗೆ ಬಿಪಿ ಮಾತ್ರೆ ಕೊಡಲು ಹೋದೆ. ಮಗ 'ಅಮ್ಮಾ, ಅದು...' ಎಂದ. 'ಸುಮ್ನಿರೋ, ಲೇಟಾಗ್ತಿದೆ' ಎಂದು ಗದರಿದೆ. ಅವನು ಸುಮ್ಮನಾದ. ನಮ್ಮವರು ಆಗಲೇ ಮಾತ್ರೆ ಕೊಟ್ಟಿದ್ದನ್ನು ಅವನು ನೋಡಿದ್ದ. ಹತ್ತು ಗಂಟೆಯ ಹೊತ್ತಿಗೆ ಅತ್ತೆಗೆ ತಲೆಸುತ್ತಿ ಕಣ್ಣು ಕತ್ತಲಿಟ್ಟಿತು. ನರ್ಸಿಂಗ್ ಹೋಮ್‌ನಲ್ಲಿ ಸಂಜೆವರೆಗೂ ಇಟ್ಟುಕೊಂಡು ನೋಡಿ, ಗಾಬರಿಯಿಲ್ಲವೆಂದು ಕಳಿಸಿದರು. ದೇವರು ದೊಡ್ಡವನು.

ಮನೆಗೆ ಬಂದವಳೇ ಮಗನ ಮೇಲೆ ರೇಗಿದೆ. 'ಗೊತ್ತಿದ್ರೆ ಜೋರಾಗಿ ಹೇಳ್ಬಾರ್ದಿತ್ತಾ?' ಅವನ ಕಣ್ಣಲ್ಲಿ ನೀರು. ಮಗಳು ನಿಧಾನವಾಗಿ ಹೇಳಿದಳು, 'ಅವನು ಹೇಳಿದ್ನಲ್ಲಮ್ಮ. ಒಂದ್ಸಲ ಹೇಳ್ದ.'

ಆ ಮಾತು ನಾಟಿತು. ನನ್ನ ಮನೆಯಲ್ಲಿ ಕ್ಯಾಪ್ಟನ್ ಸೀಟಲ್ಲಿ ಕೂತವಳು ನಾನೇ.

ಆ ರಾತ್ರಿ ಪಾಠದ ಬದಲು ಲೆಕ್ಕ ಹಾಕಿದೆವು. ತಪ್ಪು ಯಾರದು ಎಂದಲ್ಲ, ತೂತು ಎಷ್ಟು ಎಂದು. ಮಾತ್ರೆ ಕೊಡುವವರು ಇಬ್ಬರು. ಕೊಟ್ಟದ್ದಕ್ಕೆ ಗುರುತಿಲ್ಲ. ಎಲ್ಲರಿಗೂ ಅವಸರ. ಗೊತ್ತಿದ್ದವನ ಬಾಯಿಗೆ ಬೀಗ. ನಾಲ್ಕೂ ಒಂದೇ ನೇರಕ್ಕೆ ಬಂದಿದ್ದವು.

ಈಗ ಅತ್ತೆಯ ಮಾತ್ರೆಗಳು ಏಳು ದಿನದ ಏಳು ಖಾನೆಯ ಡಬ್ಬಿಯಲ್ಲಿವೆ. ಕೊಟ್ಟವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕು. ಕಂಟ್ರೋಲ್ ಟವರ್ ಹೇಳಿದ್ದನ್ನು ಪೈಲಟ್‌ಗಳು ತಿರುಗಿ ಹೇಳಿ ಖಚಿತಪಡಿಸುತ್ತಾರಲ್ಲ, ಹಾಗೆ ಅತ್ತೆಯೂ 'ಬಿಪಿದು, ಒಂದು, ಬೆಳಗ್ಗೇದು' ಎಂದು ಹೇಳಿಯೇ ನುಂಗುತ್ತಾರೆ. ಅವರಿಗೆ ಅದೊಂದು ಆಟ. ಇನ್ನೊಂದು ನಿಯಮವಿದೆ. ಮನೆಯಲ್ಲಿ ಯಾರೇ 'ಒಂದ್ನಿಮಿಷ' ಎಂದರೂ ಎಲ್ಲರೂ ಕೈ ನಿಲ್ಲಿಸಿ ಕೇಳಬೇಕು. ಹೇಳಿದ್ದು ಸುಳ್ಳೆಚ್ಚರಿಕೆಯಾದರೂ ಬೈಯುವಂತಿಲ್ಲ. ಕೊನೆಯದನ್ನು ಪಾಲಿಸುವುದು ನನಗೆ ಇನ್ನೂ ಕಷ್ಟ.

ಪರೀಕ್ಷೆಯ ಬೆಳಿಗ್ಗೆ ಮಗಳು ದೇವರಿಗೆ ಕೈಮುಗಿದು, ಮೊಸರು ಸಕ್ಕರೆ ತಿಂದು ಹೊಸಿಲು ದಾಟಿದ್ದಳು. ಹಿಂದಿನಿಂದ ಮಗ ಕೂಗಿದ, 'ಅಕ್ಕಾ, ಒಂದ್ನಿಮಿಷ!'

ಶುಭಕಾರ್ಯಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಬೈಗುಳ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನ ಕೈಯಲ್ಲಿ ಅವಳ ಆಧಾರ್ ಕಾರ್ಡ್ ಇತ್ತು.